ನೆನಪಿಗೆ ಇಂಗ್ಲಿಷರು ಕಟ್ಟಿದ ಮಾತುಗಳು

ಪರೀಕ್ಷೆಯ ದಿನಗಳು ಹತ್ತಿರವಾದುವೆಂದರೆ ನಮ್ಮ ಮನೆಗಳಲ್ಲಿ ಒಂದು ಮಾತು ಬೆಳಗು ಬೈಗು ಕೇಳಿಬರುತ್ತದೆ: ‘ಬೈಹಾರ್ಟ್ ಮಾಡಿದೆಯಾ?’ ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ಅಜ್ಜಿಯು ಕೂಡ ಮೊಮ್ಮಗನನ್ನು ಇದೇ ಮಾತಿನಿಂದ ಎಚ್ಚರಿಸುವುದುಂಟು. ಕನ್ನಡದ ‘ಮಾಡು’ ಧಾತುವಿನ ಕೈ ಹಿಡಿದು ಈ ಪರದೇಶದ ಮಾತು ನಮ್ಮ ಮನೆಯ ಸೊಸೆಯೇ ಆಗಿಬಿಟ್ಟಿದೆ. ಆದರೆ ‘ಹಾರ್ಟ್’ ಎಂದರೆ ಹೃದಯವಷ್ಟೆ. ಮಗ್ಗಿಯನ್ನೂ ರಾಜಧಾನಿಗಳ ಹೆಸರುಗಳನ್ನೂ ಕಲಿಯಬೇಕಾದದ್ದು ತಲೆಯಲ್ಲವೆ? ಆ ಕೆಲಸಕ್ಕೆ ಹೃದಯವನ್ನು ಹಚ್ಚಿದವರು ಯಾರು?

ಹೀಗೆ ಕೇಳುತ್ತ ಹೊರಟರೆ ಸ್ವಾರಸ್ಯವಾದ ಸಂಗತಿಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ನೆನಪು, ಮರೆವು, ಹಂಬಲ, ಇವುಗಳನ್ನು ಕುರಿತು ಇಂಗ್ಲಿಷಿನಲ್ಲಿ ಹತ್ತಾರು ನುಡಿಗಟ್ಟುಗಳಿವೆ. ಅವುಗಳಲ್ಲಿ ಹಲವು ಇಂದು ವಿದ್ಯಾವಂತರ ಕನ್ನಡದಲ್ಲಿಯೂ ನಿತ್ಯ ಓಡಾಡುತ್ತಿವೆ. ಪ್ರತಿಯೊಂದು ಮಾತಿನ ಒಡಲಿನಲ್ಲಿಯೂ, ಅದು ಹುಟ್ಟಿದ ಕಾಲದ ಜನರು ನೆನಪೆಂಬುದನ್ನು ಏನೆಂದು ತಿಳಿದಿದ್ದರು ಎಂಬುದರ ಗುರುತು ಉಳಿದುಕೊಂಡಿದೆ. ಇದನ್ನು ಬರಿಯ ಪದವಿನೋದವೆಂದು ತಳ್ಳಿಹಾಕುವಂತಿಲ್ಲ. ನೆನಪನ್ನು ನಾವು ಏನೆಂದು ಕರೆಯುತ್ತೇವೆಯೋ ಹಾಗೆಯೇ ಅದನ್ನು ನಂಬುತ್ತೇವೆ. ನಂಬಿದ ಹಾಗೆಯೇ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುತ್ತೇವೆ, ಮನೆಯಲ್ಲಿ ವಾದಿಸುತ್ತೇವೆ, ವೃದ್ಧರ ಮರೆವನ್ನು ಅಳೆಯುತ್ತೇವೆ. ಆದುದರಿಂದ ಮಾತು ತಪ್ಪಿದರೆ ನಂಬಿಕೆಯೂ ದಾರಿ ತಪ್ಪೀತು.

ಹೃದಯದಲ್ಲಿಟ್ಟ ಪಾಠ

ಮೊದಲು ‘ಬೈ ಹಾರ್ಟ್’ ಎಂಬುದನ್ನೇ ನೋಡೋಣ. ಹದಿನಾಲ್ಕನೆಯ ಶತಮಾನದ ಕವಿ ಚಾಸರನ ಕಾಲಕ್ಕಾಗಲೇ ಇದು ಇಂಗ್ಲಿಷಿನಲ್ಲಿ ಬಳಕೆಯಲ್ಲಿತ್ತು. ಫ್ರೆಂಚರಲ್ಲಿಯೂ ಇದೇ ಅರ್ಥದ ‘ಪಾರ್ ಕರ್’ ಎಂಬ ನುಡಿಯುಂಟು. ಇವೆರಡರ ಹಿಂದೆಯೂ ಒಂದು ಪುರಾತನ ನಂಬಿಕೆ ನಿಂತಿದೆ: ಬುದ್ಧಿ ಮತ್ತು ನೆನಪುಗಳ ನೆಲೆ ತಲೆಯಲ್ಲ, ಎದೆ. ಈಜಿಪ್ಟಿನ ಪ್ರಾಚೀನರು ಸತ್ತವರ ದೇಹವನ್ನು ಕೆಡದಂತೆ ಕಾಪಾಡುವಾಗ ಮಿದುಳನ್ನು ಮೂಗಿನ ಹೊಳ್ಳೆಯ ಮೂಲಕ ಎಳೆದು ಬಿಸಾಡುತ್ತಿದ್ದರು. ಹೃದಯವನ್ನು ಮಾತ್ರ ಭಕ್ತಿಯಿಂದ ದೇಹದೊಳಗೇ ಉಳಿಸುತ್ತಿದ್ದರು. ಪರಲೋಕದ ತಕ್ಕಡಿಯಲ್ಲಿ ತೂಗಬೇಕಾದದ್ದು ಅದನ್ನೇ ಎಂಬುದು ಅವರ ನಂಬಿಕೆ. ಗ್ರೀಸಿನ ಮಹಾಪಂಡಿತ ಅರಿಸ್ಟಾಟಲನೂ ಹೃದಯವನ್ನೇ ಇಂದ್ರಿಯಜ್ಞಾನದ ಮೂಲಸ್ಥಾನವೆಂದು ಭಾವಿಸಿದ್ದನು. ವೈದ್ಯರು ಕಾಲಾಂತರದಲ್ಲಿ ಮಿದುಳಿಗೆ ಅದರ ಪಟ್ಟವನ್ನು ಹಿಂದಿರುಗಿಸಿದರು. ಆದರೆ ಭಾಷೆ ವೈದ್ಯರ ಮಾತಿಗೆ ಕಿವಿಗೊಡಲಿಲ್ಲ.

ಇದೇ ಹೃದಯ ಇನ್ನೊಂದು ಪದದಲ್ಲಿ ವೇಷ ಮರೆಸಿಕೊಂಡು ಕುಳಿತಿದೆ. ಲ್ಯಾಟಿನ್ ಭಾಷೆಯಲ್ಲಿ ಹೃದಯಕ್ಕೆ ‘ಕಾರ್’ ಎಂದು ಹೆಸರು. ಮತ್ತೆ ಹೃದಯಕ್ಕೆ ತಂದುಕೊಳ್ಳುವುದಕ್ಕೆ, ಎಂದರೆ ಸ್ಮರಿಸುವುದಕ್ಕೆ, ‘ರೆಕಾರ್ಡಾರಿ’ ಎಂಬ ಕ್ರಿಯಾಪದ. ಅದರಿಂದ ಬಂದದ್ದೇ ‘ರೆಕಾರ್ಡ್’. ಕಚೇರಿಯ ರೆಕಾರ್ಡು, ಗ್ರಾಮಾಫೋನಿನ ರೆಕಾರ್ಡು, ಆಟದ ರೆಕಾರ್ಡು ಎಲ್ಲವೂ ಇದರ ಮಕ್ಕಳೇ. ನಮ್ಮ ರೈತರು ಪಹಣಿಯನ್ನು ‘ಆರ್.ಟಿ.ಸಿ.’ ಎನ್ನುತ್ತಾರಲ್ಲವೆ? ಅದರ ಮೊದಲ ಅಕ್ಷರವೂ ಈ ರೆಕಾರ್ಡೇ. ತಾಲ್ಲೂಕು ಕಚೇರಿಯ ಧೂಳು ಹಿಡಿದ ಕಡತಕ್ಕೂ ಹೃದಯಕ್ಕೂ ಇಂಥ ಹತ್ತಿರದ ನಂಟಿದೆಯೆಂದು ಅಲ್ಲಿ ಸಾಲುಗಟ್ಟಿ ನಿಂತವರಿಗೆ ಹೇಳಿದರೆ ಅವರು ನಕ್ಕಾರು!

ನಮ್ಮ ಪೂರ್ವಿಕರು ನೆನಪಿಟ್ಟುಕೊಳ್ಳುವ ಕೆಲಸಕ್ಕೆ ಬೇರೆ ಅಂಗಗಳನ್ನು ಆರಿಸಿಕೊಂಡರು. ನಮ್ಮದು ಕಂಠಪಾಠ, ಬಾಯಿಪಾಠ. ಗುರು ನುಡಿದದ್ದನ್ನು ಶಿಷ್ಯ ಕಿವಿಯಿಂದ ಕೇಳಿ ಕಂಠದಿಂದ ಒಪ್ಪಿಸುತ್ತಿದ್ದ ನಾಡಿನಲ್ಲಿ ವಿದ್ಯೆಯ ಮನೆ ಕೊರಳೇ ಆದದ್ದು ಸಹಜ. ಒಂದು ಭಾಷೆ ಎದೆಯನ್ನು ಮುಟ್ಟಿ ತೋರಿಸಿತು, ಇನ್ನೊಂದು ಗಂಟಲನ್ನು. ಹುಡುಗನಿಗೆ ಮಾತ್ರ ಎರಡರ ಹೊರೆಯೂ ಒಂದೇ.

ಮೇಣದ ಮುದ್ದೆ, ಪಂಜರದ ಹಕ್ಕಿ

ಒಬ್ಬರನ್ನು ಮೊದಲ ಬಾರಿಗೆ ಕಂಡು ಬಂದಮೇಲೆ ‘ಇಂಪ್ರೆಷನ್ ಚೆನ್ನಾಗಿತ್ತು’ ಎನ್ನುತ್ತೇವೆ. ವಧುವನ್ನು ನೋಡಲು ಹೋದವರೂ ಉದ್ಯೋಗದ ಸಂದರ್ಶನಕ್ಕೆ ಹೋದವರೂ ಇದೇ ಮಾತಿಗೆ ಶರಣು. ಇಂಪ್ರೆಷನ್ ಎಂದರೆ ಒತ್ತುವಿಕೆ, ಮುದ್ರೆ. ಯಾವುದರ ಮೇಲೆ ಒತ್ತಿದ ಮುದ್ರೆ? ಇದಕ್ಕೆ ಉತ್ತರ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಅಥೆನ್ಸಿನಲ್ಲಿ ದೊರೆಯುತ್ತದೆ. ತತ್ತ್ವಜ್ಞಾನಿ ಪ್ಲೇಟೋ ‘ಥಿಯಾಟಿಟಸ್’ ಎಂಬ ತನ್ನ ಸಂವಾದಗ್ರಂಥದಲ್ಲಿ ಸಾಕ್ರಟೀಸನ ಬಾಯಿಂದ ಒಂದು ಉಪಮೆಯನ್ನು ಹೇಳಿಸಿದ್ದಾನೆ. ಪ್ರತಿಯೊಬ್ಬರ ಆತ್ಮದಲ್ಲಿಯೂ ಒಂದು ಮೇಣದ ಮುದ್ದೆಯಿದೆಯಂತೆ. ಕಂಡದ್ದು, ಕೇಳಿದ್ದು, ಯೋಚಿಸಿದ್ದು ಅದರ ಮೇಲೆ ಉಂಗುರದ ಮುದ್ರೆಯಂತೆ ಒತ್ತಿಕೊಳ್ಳುತ್ತದೆ. ಗುರುತು ಇರುವವರೆಗೆ ನೆನಪು, ಅಳಿಸಿಹೋದರೆ ಮರೆವು. ಮೇಣ ತೀರ ಮೆತ್ತಗಿದ್ದವರು ಬೇಗ ಕಲಿತು ಬೇಗ ಮರೆಯುತ್ತಾರೆ. ಗಟ್ಟಿಯಾಗಿದ್ದವರು ಕಲಿಯುವುದು ನಿಧಾನ, ಮರೆಯುವುದೂ ನಿಧಾನ. ಈ ಮೇಣವನ್ನು ದಾನ ಮಾಡಿದವಳು ಸ್ಮೃತಿದೇವತೆ ನೆಮೊಸಿನೆ, ಕಲೆಗಳ ಅಧಿದೇವತೆಯರಿಗೆಲ್ಲ ತಾಯಿ.

ಅಂದಿನ ಜನ ಮೇಣ ಬಳಿದ ಹಲಗೆಯ ಮೇಲೆ ಕಡ್ಡಿಯಿಂದ ಕೊರೆದು ಬರೆಯುತ್ತಿದ್ದರು. ಬೇಡವಾದಾಗ ಸವರಿ ಅಳಿಸುತ್ತಿದ್ದರು. ಏನನ್ನೂ ಅರಿಯದ ಎಳೆಯ ಮನಸ್ಸಿಗೆ ‘ಟ್ಯಾಬುಲ ರಾಸ’, ಎಂದರೆ ಕೆರೆದು ಅಳಿಸಿದ ಹಲಗೆ, ಎಂಬ ಹೆಸರು ಬಂದದ್ದು ಈ ಹಲಗೆಯಿಂದಲೇ. ಸ್ವಾರಸ್ಯವೇನೆಂದರೆ, ಕನ್ನಡಿಗರ ಮನಸ್ಸಿನಲ್ಲಿಯೂ ಇದೇ ಚಿತ್ರವಿದೆ. ‘ಅಚ್ಚಳಿಯದ ನೆನಪು’ ಎನ್ನುತ್ತೇವೆ. ‘ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ’ ಎನ್ನುತ್ತೇವೆ. ಅಚ್ಚು ಇದ್ದರೆ ಒತ್ತಲು ಮೇಣವೋ ಮಣ್ಣೋ ಇರಲೇಬೇಕಲ್ಲವೆ?

ಆದರೆ ಪ್ಲೇಟೋವಿಗೇ ಈ ಮೇಣದಿಂದ ತೃಪ್ತಿಯಾಗಲಿಲ್ಲ. ಮುದ್ರೆ ಸರಿಯಾಗಿದ್ದರೂ ಮನುಷ್ಯ ಕೆಲವೊಮ್ಮೆ ತಪ್ಪು ನೆನಪನ್ನು ಹೊರತೆಗೆಯುತ್ತಾನಲ್ಲ, ಅದಕ್ಕೇನು ಕಾರಣ? ಅದೇ ಗ್ರಂಥದಲ್ಲಿ ಮುಂದೆ ಅವನು ಎರಡನೆಯ ಉಪಮೆಯನ್ನು ಕೊಟ್ಟನು. ಮನಸ್ಸು ಹಕ್ಕಿಗಳು ತುಂಬಿದ ಒಂದು ದೊಡ್ಡ ಪಂಜರ. ಹಕ್ಕಿಗಳು ನಮ್ಮವೇ, ಆದರೆ ಅವು ಒಳಗೆ ಹಾರಾಡುತ್ತಿವೆ. ಪಾರಿವಾಳವೊಂದನ್ನು ಹಿಡಿಯಲು ಕೈ ಹಾಕಿದವನ ಮುಷ್ಟಿಗೆ ಬೇರೊಂದು ಹಕ್ಕಿ ಸಿಕ್ಕಿಬಿಡಬಹುದು. ಎಷ್ಟು ಸೊಗಸಾದ ಮಾತು! ಆದರೂ ಜಗತ್ತು ಮೇಣವನ್ನು ಜೋಪಾನವಾಗಿ ಇಟ್ಟುಕೊಂಡಿತು, ಹಕ್ಕಿಯನ್ನು ಹಾರಿಸಿಬಿಟ್ಟಿತು. ನೆನಪೆಂದರೆ ಒಮ್ಮೆ ಒತ್ತಿ ಮುಗಿದ ಮುದ್ರೆ ಎಂಬ ಭಾವನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ದೊರೆ ಎಳೆದ ಗೆರೆ

ಇಂಗ್ಲಿಷಿನಲ್ಲಿ ‘ಟೈಂ ಇಮ್ಮೆಮೋರಿಯಲ್’ ಎಂಬ ಗಂಭೀರವಾದ ನುಡಿಯೊಂದಿದೆ. ನೆನಪಿಗೂ ಮೀರಿದ ಕಾಲ ಎಂದು ಅದರ ಅರ್ಥ. ನಾವು ಅದನ್ನು ‘ಅನಾದಿಕಾಲ’ ಎಂದು ಹೇಳಿ ಮುಂದೆ ಸಾಗುತ್ತೇವೆ. ಆದರೆ ಇಂಗ್ಲೆಂಡಿನ ಕಾನೂನಿನಲ್ಲಿ ಈ ಅನಾದಿಕಾಲಕ್ಕೆ ಒಂದು ಖಚಿತವಾದ ಇಸವಿಯುಂಟು: ೧೧೮೯!

ಭೂಮಿಯ ಹಕ್ಕಿಗಾಗಿ ನ್ಯಾಯಾಲಯಕ್ಕೆ ಬಂದವರು ‘ನಮ್ಮ ತಾತನ ತಾತನ ಕಾಲದಿಂದಲೂ ಇದು ನಮ್ಮದು’ ಎಂದು ವಾದಿಸಿದರೆ ಎಷ್ಟು ಹಿಂದಕ್ಕೆ ಹೋಗಿ ವಿಚಾರಿಸುವುದು? ಒಂದನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ, ೧೨೭೫ರಲ್ಲಿ, ವೆಸ್ಟ್‌ಮಿನ್‌ಸ್ಟರ್ ಶಾಸನವು ಇದಕ್ಕೊಂದು ಎಲ್ಲೆ ಕಟ್ಟಿತು. ಒಂದನೆಯ ರಿಚರ್ಡನು ಪಟ್ಟಕ್ಕೆ ಬಂದ ೧೧೮೯ಕ್ಕಿಂತ ಹಿಂದಿನದನ್ನು ಕೆದಕಬೇಕಾಗಿಲ್ಲ. ಅದು ‘ನೆನಪಿನ ಆಚೆಗಿನದು’. ಶಾಸನವಾದಾಗ ಆ ಗೆರೆಗೆ ೮೬ ವರ್ಷ. ತಂದೆಯಿಂದ ಕೇಳಿದ್ದನ್ನು ಹೇಳಬಲ್ಲ ಮುದುಕರು ಆಗಿನ್ನೂ ಇದ್ದಿರಬಹುದಾದ ದೂರವದು. ಆದರೆ ಕಾಲ ಮುಂದೆ ಹರಿದರೂ ಗೆರೆ ಇದ್ದಲ್ಲಿಯೇ ನಿಂತಿತು. ಮನುಷ್ಯರ ಬದುಕಿನ ಅಳತೆಯಾಗಿದ್ದದ್ದು ಶತಮಾನಗಳು ಕಳೆದಂತೆ ಕಲ್ಲಿನ ಕಂಬವಾಯಿತು. ನೆನಪು ಸಾಲದಾದಾಗ ಸಮಾಜವು ಒಂದು ತಾರೀಖನ್ನು ಒಪ್ಪಿಕೊಂಡು ಜಗಳ ಮುಗಿಸುತ್ತದೆ ಎಂಬುದಕ್ಕೆ ಈ ನುಡಿಯೇ ಸಾಕ್ಷಿ.

ರೋಗವಾಗಿದ್ದ ಹಂಬಲ

‘ನಾಸ್ಟಾಲ್ಜಿಯ’ ಎಂಬ ಪದವಿಲ್ಲದೆ ಇಂದಿನ ವಿದ್ಯಾವಂತರ ಹರಟೆ ಸಾಗುವುದೇ ಇಲ್ಲ. ಹಳೆಯ ಚಲನಚಿತ್ರದ ಹಾಡು, ಹಿತ್ತಾಳೆಯ ಫಿಲ್ಟರಿನ ಕಾಫಿ, ರೇಡಿಯೋದ ಸಂಕೇತಧ್ವನಿ ಎಲ್ಲದಕ್ಕೂ ಇದೇ ಮಾತು. ಸಿಹಿಯಾದ ನೋವು ಎಂಬಷ್ಟೇ ಅದರ ಭಾವ. ಆದರೆ ಈ ಪದ ಹುಟ್ಟಿದ್ದು ವೈದ್ಯರ ಕೈಯಲ್ಲಿ. ಅದು ಪ್ರಾಣಾಂತಕವಾಗಬಲ್ಲ ಒಂದು ರೋಗದ ಹೆಸರಾಗಿತ್ತು.

೧೬೮೮ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾನಿಲಯದಲ್ಲಿ ಯೋಹಾನೆಸ್ ಹೋಫರ್ ಎಂಬ ಹತ್ತೊಂಬತ್ತರ ಹರೆಯದ ವೈದ್ಯ ವಿದ್ಯಾರ್ಥಿ ಒಂದು ಪ್ರಬಂಧವನ್ನು ಮಂಡಿಸಿದನು. ಊರು ಬಿಟ್ಟು ದೂರದಲ್ಲಿದ್ದ ಯುವಕರೂ ಸೇವಕಿಯರೂ ಅನ್ನ ನಿದ್ರೆಗಳನ್ನು ತೊರೆದು, ಜ್ವರದಿಂದ ಬಳಲಿ, ದಿನದಿನಕ್ಕೆ ಸೊರಗುತ್ತಿದ್ದುದನ್ನು ಅವನು ಗಮನಿಸಿದ್ದನು. ಯಾವ ಔಷಧಕ್ಕೂ ಬಗ್ಗದ ಆ ಕಾಯಿಲೆ ಊರಿಗೆ ಮರಳುವ ಸುದ್ದಿ ಕೇಳಿದೊಡನೆ ಇಳಿಮುಖವಾಗುತ್ತಿತ್ತು. ಗ್ರೀಕ್ ಭಾಷೆಯಲ್ಲಿ ‘ನಾಸ್ಟಾಸ್’ ಎಂದರೆ ಮನೆಗೆ ಮರಳುವುದು, ‘ಆಲ್ಗಾಸ್’ ಎಂದರೆ ನೋವು. ಇವೆರಡನ್ನೂ ಹೊಲಿದು ಹೋಫರ್ ‘ನಾಸ್ಟಾಲ್ಜಿಯ’ ಎಂಬ ಹೊಸ ಪದವನ್ನು ಮಾಡಿದನು.

ಅಂದು ಸ್ವಿಸ್ ತರುಣರು ಯೂರೋಪಿನ ಅನೇಕ ದೊರೆಗಳ ಸೈನ್ಯಗಳಲ್ಲಿ ಸಂಬಳಕ್ಕೆ ದುಡಿಯುತ್ತಿದ್ದರು. ಬೆಟ್ಟದ ಮಕ್ಕಳು ಬಯಲಿಗಿಳಿದಾಗ ಗಾಳಿಯ ಒತ್ತಡ ಹೆಚ್ಚಾಗಿ ಈ ರೋಗ ತಗಲುತ್ತದೆಂದು ಸ್ವಿಸ್ ವಿದ್ವಾಂಸನೊಬ್ಬನು ಗಂಭೀರವಾಗಿ ವಾದಿಸಿದ್ದೂ ಉಂಟು! ಆಲ್ಪ್ಸ್ ಪರ್ವತದ ದನಗಾಹಿಗಳು ಹಸುಗಳನ್ನು ಕರೆಯುವ ರಾಗವೊಂದನ್ನು ಕೇಳಿದರೆ ಈ ಸೈನಿಕರು ಕಣ್ಣೀರಿಟ್ಟು ಓಡಿಹೋಗುತ್ತಾರೆಂದು, ದಂಡಿನಲ್ಲಿ ಅದನ್ನು ನುಡಿಸುವುದಕ್ಕೆ ಮರಣದಂಡನೆಯ ಬೆದರಿಕೆಯೊಡನೆ ನಿಷೇಧವಿತ್ತೆಂದು ರೂಸೋ ತನ್ನ ಸಂಗೀತಕೋಶದಲ್ಲಿ ಬರೆದಿದ್ದಾನೆ. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಕೂಡ ಉತ್ತರದ ಸೈನ್ಯದ ವೈದ್ಯರು ಐದು ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರಿನ ಮುಂದೆ ‘ನಾಸ್ಟಾಲ್ಜಿಯ’ ಎಂದು ರೋಗದ ಹೆಸರು ಬರೆದರು. ಹತ್ತಾರು ಸಾವುಗಳಿಗೂ ಅದನ್ನೇ ಕಾರಣವಾಗಿ ದಾಖಲಿಸಿದರು.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಈ ರೋಗದ ಮರ್ಮವನ್ನು ೧೭೯೮ರಲ್ಲಿಯೇ ಹಿಡಿದಿದ್ದನು. ಊರಿಗೆ ಮರಳಿದವರು ಅಲ್ಲಿ ನಿರಾಶರಾಗುತ್ತಾರೆ; ಊರು ಬದಲಾಯಿತೆಂದು ಅವರು ತಿಳಿಯುತ್ತಾರೆ. ನಿಜವಾಗಿ ಅವರು ಬಯಸಿದ್ದು ಅಲ್ಲಿ ಕಳೆದ ಎಳೆಯ ದಿನಗಳನ್ನು. ಅವನ್ನು ಮರಳಿ ಕೊಡಲು ಯಾವ ಊರಿಗೂ ಸಾಧ್ಯವಿಲ್ಲ. ಕಾಲ ಕಳೆದಂತೆ ಪದದ ಅರ್ಥವೂ ಇದೇ ದಾರಿಯಲ್ಲಿ ನಡೆಯಿತು. ಊರಿಗಾಗಿ ಇದ್ದ ನೋವು ಕಳೆದ ಕಾಲಕ್ಕಾಗಿ ಪಡುವ ನೋವಾಯಿತು. ಆಸ್ಪತ್ರೆಯ ಪಟ್ಟಿಯಿಂದ ಇಳಿದು ಪಡಸಾಲೆಯ ಮಾತಾಯಿತು. ತವರಿನಿಂದ ದೂರ ಕೊಟ್ಟ ಹೆಣ್ಣುಮಗಳ ಹಂಬಲವನ್ನು ನಮ್ಮ ಹಳ್ಳಿಗಾಡು ಬಲ್ಲದು. ಹಾಸ್ಟೆಲಿನಲ್ಲಿ ಬಿಟ್ಟುಬಂದ ಮಗು ಊಟ ಬಿಟ್ಟಿದೆಯೆಂದು ತಿಳಿದರೆ ಅದನ್ನು ಹಠವೆಂದು ಗದರಿಸುವ ಮುನ್ನ ಹೋಫರನ ರೋಗಿಗಳನ್ನು ಒಮ್ಮೆ ನೆನೆಯಬೇಕು.

ನಾಲಗೆಯ ತುದಿಯಲ್ಲಿ

ಎದುರಿಗೆ ಬಂದವರ ಮುಖ ಗೊತ್ತು, ಮನೆ ಗೊತ್ತು, ಮಕ್ಕಳು ಗೊತ್ತು. ಹೆಸರು ಮಾತ್ರ ಬಾರದು. ಇಂಗ್ಲಿಷಿನವರು ಇದನ್ನು ‘ಟಿಪ್ ಆಫ್ ದಿ ಟಂಗ್’ ಎನ್ನುತ್ತಾರೆ. ನಾವೂ ‘ನಾಲಗೆಯ ತುದಿಯಲ್ಲೇ ಇದೆ’ ಎನ್ನುತ್ತೇವೆ. ಇದು ಇಂಗ್ಲಿಷಿನಿಂದ ಬಂದ ಸಾಲವೆಂದು ಯಾರಾದರೂ ಶಂಕಿಸಿದರೆ ಅವರು ಒಂದು ಸಂಗತಿಯನ್ನು ಗಮನಿಸಬೇಕು. ಬೆನೆಟ್ ಶ್ವಾರ್ಟ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ ೫೧ ಭಾಷೆಗಳನ್ನು ವಿಚಾರಿಸಿ ೧೯೯೯ರಲ್ಲಿ ವರದಿ ಮಾಡಿದನು. ಅವುಗಳಲ್ಲಿ ೪೫ ಭಾಷೆಗಳು ಈ ಅನುಭವವನ್ನು ನಾಲಗೆಯ ಮಾತಿನಿಂದಲೇ ಹೇಳುತ್ತಿದ್ದುವು.

ಈ ನುಡಿಯ ಸತ್ಯವನ್ನು ಪರೀಕ್ಷಿಸಿದವರೂ ಇದ್ದಾರೆ. ಹಾರ್ವರ್ಡಿನ ರೋಜರ್ ಬ್ರೌನ್ ಮತ್ತು ಡೇವಿಡ್ ಮಕ್‌ನೀಲ್ ೧೯೬೬ರಲ್ಲಿ ಪ್ರಕಟಿಸಿದ ಪ್ರಯೋಗವದು. ನಿಘಂಟಿನಿಂದ ಅಪರೂಪದ ಪದಗಳ ಅರ್ಥವನ್ನು ಮಾತ್ರ ಓದಿ, ಪದವನ್ನು ಹೇಳಿರೆಂದು ವಿದ್ಯಾರ್ಥಿಗಳನ್ನು ಕೇಳಿದರು. ಪದ ತುಟಿಗೆ ಬಂದು ನಿಂತ ಸ್ಥಿತಿಯಲ್ಲಿ ಚಡಪಡಿಸುತ್ತಿದ್ದವರು ಅದರ ಮೊದಲ ಅಕ್ಷರವನ್ನೂ ಅದು ಎಷ್ಟು ಉಚ್ಚಾರಗಳ ಪದವೆಂಬುದನ್ನೂ ಅನೇಕ ವೇಳೆ ಸರಿಯಾಗಿಯೇ ಊಹಿಸಿದರು. ಅಂದಮೇಲೆ ಪದ ಕಳೆದುಹೋಗಿರಲಿಲ್ಲ. ಪಂಜರದಲ್ಲಿ ಹಾರಾಡುತ್ತಿತ್ತು, ಕೈಗೆ ಒಂದೆರಡು ಗರಿಗಳು ಸಿಕ್ಕಿದ್ದುವು. ಪ್ಲೇಟೋವಿನ ಹಕ್ಕಿ ಎರಡು ಸಾವಿರ ವರ್ಷಗಳ ಮೇಲೆ ಮರಳಿ ಬಂದಿತು. ಮನೆಯ ಹಿರಿಯರು ಒಂದು ಹೆಸರಿಗಾಗಿ ತಡವರಿಸಿದಾಗ ‘ಎಲ್ಲ ಮರೆತುಹೋಯಿತು’ ಎಂದು ತೀರ್ಪು ಕೊಡುವವರು ಈ ಗರಿಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಕ್ಯಾಮೆರಾ ಕಲಿಸಿದ ತಪ್ಪು

೧೮೩೯ರಲ್ಲಿ ಫ್ರಾನ್ಸಿನ ದಾಗೇರನ ಛಾಯಾಚಿತ್ರ ವಿಧಾನವು ಲೋಕಕ್ಕೆ ಪ್ರಕಟವಾಯಿತು. ಮನುಷ್ಯನ ಮುಖ ಕನ್ನಡಿಯಿಂದ ಮಾಯವಾಗದೆ ಫಲಕದ ಮೇಲೆ ನಿಂತುಬಿಟ್ಟುದನ್ನು ಕಂಡು ಜನ ಬೆರಗಾದರು. ಅಮೆರಿಕದ ವೈದ್ಯಸಾಹಿತಿ ಆಲಿವರ್ ವೆಂಡೆಲ್ ಹೋಮ್ಸ್ ೧೮೫೯ರಲ್ಲಿ ಅದನ್ನು ನೆನಪುಳ್ಳ ಕನ್ನಡಿಯೆಂದು ಬಣ್ಣಿಸಿದನು. ಹೀಗೆ ಮೊದಲು ಛಾಯಾಚಿತ್ರವೇ ನೆನಪಿನ ಹೆಸರನ್ನು ಸಾಲ ಪಡೆಯಿತು. ಆಮೇಲೆ ಸಾಲ ತಿರುಗುಮುರುಗಾಯಿತು. ಒಂದೇ ಸಲ ಓದಿ ಒಪ್ಪಿಸುವವನಿಗೆ ‘ಫೋಟೋಗ್ರಾಫಿಕ್ ಮೆಮೊರಿ’ ಇದೆಯೆನ್ನುವುದು ರೂಢಿಯಾಯಿತು. ಚಲನಚಿತ್ರ ಬಂದಮೇಲೆ ‘ಫ್ಲಾಷ್‌ಬ್ಯಾಕ್’ ಬಂದಿತು. ಅದೇ ರೋಜರ್ ಬ್ರೌನ್, ಜೇಮ್ಸ್ ಕೂಲಿಕ್ ಎಂಬಾತನೊಡನೆ ಸೇರಿ, ೧೯೭೭ರಲ್ಲಿ ‘ಫ್ಲಾಷ್‌ಬಲ್ಬ್ ಮೆಮೊರಿ’ ಎಂಬ ಹೆಸರನ್ನಿತ್ತನು. ೧೯೬೩ರಲ್ಲಿ ಅಧ್ಯಕ್ಷ ಕೆನೆಡಿಯ ಕೊಲೆಯ ವಾರ್ತೆ ತಲಪಿದಾಗ ತಾವು ಎಲ್ಲಿದ್ದೆವು, ಏನು ಮಾಡುತ್ತಿದ್ದೆವು ಎಂಬುದು ಅಮೆರಿಕದ ಜನರಿಗೆ ಮಿಂಚಿನ ದೀಪ ಹಚ್ಚಿ ತೆಗೆದ ಚಿತ್ರದಂತೆ ನೆನಪಿತ್ತು. ಅದಕ್ಕೆ ಈ ಹೆಸರು. ನಾವು ಇಂಥದನ್ನು ‘ಕಣ್ಣಿಗೆ ಕಟ್ಟಿದಂತಿದೆ’ ಎನ್ನುತ್ತೇವೆ.

ಕಣ್ಣಿಗೆ ಕಟ್ಟಿದ್ದೆಲ್ಲ ನಿಜವೇ? ಉಲ್ರಿಕ್ ನೈಸರ್ ಎಂಬ ಮನೋವಿಜ್ಞಾನಿಗೆ ಬಾಲ್ಯದ ಒಂದು ದೃಶ್ಯ ಸ್ಪಷ್ಟವಾಗಿ ನೆನಪಿತ್ತು: ೧೯೪೧ರ ಡಿಸೆಂಬರ್ ೭ರಂದು ರೇಡಿಯೋದಲ್ಲಿ ಬೇಸ್‌ಬಾಲ್ ಆಟದ ವರ್ಣನೆ ಕೇಳುತ್ತಿದ್ದಾಗ, ಪರ್ಲ್ ಹಾರ್ಬರಿನ ಮೇಲೆ ದಾಳಿಯಾಯಿತೆಂಬ ವಾರ್ತೆ ನಡುವೆ ಬಂದದ್ದು. ಎಷ್ಟೋ ವರ್ಷಗಳ ಮೇಲೆ ಅವನಿಗೆ ಹೊಳೆಯಿತು: ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಬೇಸ್‌ಬಾಲ್ ಆಡುವುದಿಲ್ಲ!

೧೯೮೬ರ ಜನವರಿ ೨೮ರಂದು ಏಳು ಮಂದಿಯನ್ನು ಹೊತ್ತ ‘ಚಾಲೆಂಜರ್’ ಆಕಾಶನೌಕೆ ಮೇಲೆದ್ದ ೭೩ ಸೆಕೆಂಡುಗಳಲ್ಲಿ ಸಿಡಿದು ಚೂರಾಯಿತು. ನೈಸರನು ಮರುದಿನ ಬೆಳಿಗ್ಗೆಯೇ ತನ್ನ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಅವರು ಎಲ್ಲಿದ್ದರು, ಯಾರು ಹೇಳಿದರು ಎಂಬುದನ್ನು ಬರೆಸಿ ಇಟ್ಟುಕೊಂಡನು. ಎರಡೂವರೆ ವರ್ಷಗಳ ಮೇಲೆ ಅವರಲ್ಲಿ ೪೪ ಜನರನ್ನು ಅದನ್ನೇ ಮತ್ತೆ ಕೇಳಿದಾಗ, ಕಾಲುಭಾಗದಷ್ಟು ಜನರ ಹೇಳಿಕೆ ಮೊದಲು ಬರೆದುದಕ್ಕೆ ಒಂದು ಅಂಶದಲ್ಲಿಯೂ ಹೊಂದಲಿಲ್ಲ. ಹೀಗೆ ಪೂರ್ತಿ ತಪ್ಪಿದವರಲ್ಲಿಯೂ ಹಲವರಿಗೆ ತಮ್ಮ ನೆನಪಿನ ಮೇಲೆ ದೃಢವಾದ ವಿಶ್ವಾಸವಿತ್ತು.

ಪಡಸಾಲೆಯ ಮಾತಿನಲ್ಲಿ ಇಂಥ ತಪ್ಪಿನಿಂದ ಹಾನಿಯಿಲ್ಲ. ನ್ಯಾಯಾಲಯದಲ್ಲಿ? ೧೯೭೪ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರುಗಳ ಡಿಕ್ಕಿಯ ಚಿತ್ರವೊಂದನ್ನು ವಿದ್ಯಾರ್ಥಿಗಳಿಗೆ ತೋರಿಸಿದರು. ಐವತ್ತು ಜನರಿಗೆ ‘ಕಾರುಗಳು ಒಂದನ್ನೊಂದು ತಾಗಿದಾಗ ವೇಗವೆಷ್ಟಿತ್ತು?’ ಎಂದೂ, ಇನ್ನೈವತ್ತು ಜನರಿಗೆ ‘ಅಪ್ಪಳಿಸಿದಾಗ ವೇಗವೆಷ್ಟಿತ್ತು?’ ಎಂದೂ ಕೇಳಿದರು. ವಾರದ ಮೇಲೆ ‘ಒಡೆದ ಗಾಜನ್ನು ಕಂಡಿರಾ?’ ಎಂದು ಎಲ್ಲರನ್ನೂ ಪ್ರಶ್ನಿಸಿದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಆದರೂ ‘ತಾಗಿದ’ ಎಂಬ ಮಾತು ಕೇಳಿದವರಲ್ಲಿ ೭ ಮಂದಿಯೂ ‘ಅಪ್ಪಳಿಸಿದ’ ಎಂಬ ಮಾತು ಕೇಳಿದವರಲ್ಲಿ ೧೬ ಮಂದಿಯೂ ಗಾಜನ್ನು ಕಂಡೆವೆಂದರು. ಒಂದೇ ಒಂದು ಕ್ರಿಯಾಪದ ಹಳೆಯ ನೆನಪಿನೊಳಗೆ ಗಾಜನ್ನು ಒಡೆದುಹಾಕಿತು. ಸೆರೆಮನೆಯಲ್ಲಿ ವರ್ಷಾನುಗಟ್ಟಲೆ ಕೊಳೆತು, ಕೊನೆಗೆ ಡಿ.ಎನ್.ಎ. ಪರೀಕ್ಷೆಯಿಂದ ನಿರ್ದೋಷಿಗಳೆಂದು ಅಮೆರಿಕದಲ್ಲಿ ಬಿಡುಗಡೆ ಹೊಂದಿದವರ ಮೊಕದ್ದಮೆಗಳಲ್ಲಿ ಮೂರರಲ್ಲಿ ಸುಮಾರು ಎರಡು ಪಾಲಿನಲ್ಲಿ ಪ್ರತ್ಯಕ್ಷಸಾಕ್ಷಿ ತಪ್ಪಾಗಿ ಗುರುತಿಸಿದ್ದುದು ಕಂಡುಬಂದಿದೆ. ಆ ಸಾಕ್ಷಿಗಳಲ್ಲಿ ಹಲವರು ಸುಳ್ಳುಗಾರರೇನೂ ಆಗಿರಲಿಲ್ಲ. ತಮ್ಮ ತಲೆಯೊಳಗೊಂದು ಛಾಯಾಚಿತ್ರವಿದೆಯೆಂದು ಪ್ರಾಮಾಣಿಕವಾಗಿ ನಂಬಿದ್ದವರು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಯನ್ನು ಕಟ್ಟಿದವರು ಕ್ಯಾಮೆರಾವನ್ನು ಕಂಡಿರಲಿಲ್ಲ. ಬಹುಶಃ ಅದಕ್ಕೇ ಮನುಷ್ಯನನ್ನು ಚೆನ್ನಾಗಿ ಕಂಡಿದ್ದರು.

ಮತ್ತೆ ಮತ್ತೆ ಕೂಡಿಸುವುದು

ಹಾಗಾದರೆ ನೆನಪಿಗೆ ಒಪ್ಪುವ ಮಾತು ಇಂಗ್ಲಿಷಿನಲ್ಲಿ ಇಲ್ಲವೆ? ಇದೆ, ಅದೂ ಹಳೆಯದೇ. ‘ರಿಕಲೆಕ್ಟ್’ ಎಂಬ ಪದವನ್ನು ಬಿಡಿಸಿದರೆ ಮತ್ತೆ ಕೂಡಿಸು, ಚದರಿದ್ದನ್ನು ಆಯ್ದು ಸೇರಿಸು ಎಂದಾಗುತ್ತದೆ. ಕೇಂಬ್ರಿಜಿನ ಫ್ರೆಡರಿಕ್ ಬಾರ್ಟ್ಲೆಟ್ ೧೯೩೨ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಅಮೆರಿಕದ ಮೂಲನಿವಾಸಿಗಳ ವಿಚಿತ್ರವಾದ ಕಥೆಯೊಂದನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ಕೆಲವು ಕಾಲದ ಮೇಲೆ ಅದನ್ನು ಬರೆಯಿರೆಂದನು. ಕಥೆಯ ಮರದ ಸಣ್ಣ ದೋಣಿ ಅವರ ನೆನಪಿನಲ್ಲಿ ಸಾಮಾನ್ಯ ದೋಣಿಯಾಯಿತು. ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ಅರಿಯದೆಯೇ ಪ್ರತಿಯೊಬ್ಬರೂ ಕಥೆಯನ್ನು ತಮ್ಮ ಮನೆಯ ಸಾಮಗ್ರಿಯಿಂದ ಪುನಃ ಕಟ್ಟಿದ್ದರು.

ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತನ ಹೆಸರಿನಲ್ಲಿಯೂ ಇಂಗ್ಲಿಷಿನಲ್ಲಿ ಒಂದು ನುಡಿ ಬೆಳೆದಿದೆ. ವಾಸನೆಯಿಂದಲೋ ರುಚಿಯಿಂದಲೋ ಬಾಲ್ಯ ತಟ್ಟನೆ ಮರಳಿದರೆ ಅದು ‘ಪ್ರೂಸ್ತಿಯನ್’ ಅನುಭವ. ೧೯೧೩ರಲ್ಲಿ ಪ್ರಕಟವಾದ ಕಾದಂಬರಿಯಲ್ಲಿ, ಚಹದಲ್ಲಿ ನೆನೆದ ‘ಮಾದೆಲೀನ್’ ಎಂಬ ಪುಟ್ಟ ಕೇಕಿನ ರುಚಿ ನಾಯಕನ ಬಾಲ್ಯದ ಊರನ್ನೇ ಎತ್ತಿ ತರುತ್ತದೆ. ೨೦೧೫ರಲ್ಲಿ ಪ್ರೂಸ್ತನ ಕೈಬರಹದ ಕರಡುಗಳು ಪ್ರಕಟವಾದಾಗ ತಿಳಿದುಬಂದ ಸಂಗತಿಯೇನು? ಮೊದಲ ಕರಡಿನಲ್ಲಿ ಅದು ಕೇಕಲ್ಲ. ಸುಟ್ಟ ರೊಟ್ಟಿಯ ತುಂಡು! ಲೋಕಪ್ರಸಿದ್ಧವಾದ ಈ ನೆನಪು ಕೂಡ ತಿದ್ದಿ ಕಟ್ಟಿದ್ದು.

೨೦೦೦ದಲ್ಲಿ ಕರೀಂ ನಾದರ್ ಮತ್ತು ಅವನ ಸಂಗಡಿಗರು ನ್ಯೂಯಾರ್ಕಿನಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗ ಇನ್ನೂ ಆಳಕ್ಕೆ ಹೋಯಿತು. ಗಟ್ಟಿಯಾಗಿ ನೆಲೆಗೊಂಡ ಹಳೆಯ ಭಯದ ನೆನಪು ಕೂಡ, ಅದನ್ನು ಕೆದಕಿದಾಗ ಕೆಲವು ಗಂಟೆಗಳ ಕಾಲ ಮೆತ್ತಗಾಗುತ್ತದೆ. ಮತ್ತೆ ಗಟ್ಟಿಯಾಗದಂತೆ ಔಷಧದಿಂದ ತಡೆದರೆ ಅದು ಅಳಿದುಹೋಗುತ್ತದೆ. ಎಂದರೆ ಪ್ಲೇಟೋವಿನ ಮೇಣ ಪೂರ್ತಿ ಸುಳ್ಳಲ್ಲ. ಅದು ಒಮ್ಮೆ ಆರಿ ಮುಗಿದದ್ದಲ್ಲ ಎಂಬುದನ್ನಷ್ಟೇ ಸೇರಿಸಬೇಕು. ಕನ್ನಡದಲ್ಲಿ ‘ನೆನೆ’ ಎಂದರೆ ಸ್ಮರಿಸು. ‘ನೆನೆ’ ಎಂದರೆ ಒದ್ದೆಯಾಗು. ನಿಘಂಟು ಇವೆರಡನ್ನೂ ಬೇರೆ ಬೇರೆ ಮಾತುಗಳೆಂದು ಬರೆಯುತ್ತದೆ. ಆದರೂ ರಾತ್ರಿ ನೆನೆಹಾಕಿದ ಕಡಲೆ ಬೆಳಗ್ಗೆ ಮೆತ್ತಗಾಗುವುದನ್ನು ಕಂಡ ಗೃಹಿಣಿಗೆ, ನೆನೆದದ್ದು ಮೃದುವಾಗುತ್ತದೆಯೆಂಬ ಈ ವಿಜ್ಞಾನ ಬಹಳ ಕಷ್ಟವೆನಿಸಲಾರದು.

ಆನೆಯ ನೆನಪು

ಆನೆ ಎಂದೂ ಮರೆಯದು ಎಂಬುದು ಇಂಗ್ಲಿಷಿನ ಜನಪ್ರಿಯವಾದ ಮಾತು. ಅತಿಶಯೋಕ್ತಿಯೇ ಆದರೂ ಇದು ಪರೀಕ್ಷೆಯಲ್ಲಿ ಬಹುಮಟ್ಟಿಗೆ ಗೆದ್ದಿದೆ. ೧೯೯೩ರಲ್ಲಿ ಆಫ್ರಿಕದ ತಾಂಜಾನಿಯದ ತರಂಗಿರೆ ವನದಲ್ಲಿ ಭೀಕರ ಕ್ಷಾಮ ಬಂದಿತು. ಒಂಬತ್ತು ತಿಂಗಳಲ್ಲಿ, ಸಂಶೋಧಕರು ಗಮನಿಸುತ್ತಿದ್ದ ೮೧ ಮರಿಗಳಲ್ಲಿ ೧೬ ಸತ್ತುವು. ವನವನ್ನು ಬಿಟ್ಟು ನೀರು ಮೇವು ಅರಸಿ ದೂರ ಹೋದ ಹಿಂಡುಗಳ ಮರಿಗಳು ಹೆಚ್ಚಾಗಿ ಉಳಿದುವು. ಆ ಹಿಂಡುಗಳ ಮುಂದಾಳುಗಳು ವಯಸ್ಸಾದ ಹೆಣ್ಣಾನೆಗಳು. ೧೯೫೮ರಿಂದ ೧೯೬೧ರವರೆಗಿನ ಹಿಂದಿನ ಕ್ಷಾಮವನ್ನು ಮರಿಗಳಾಗಿ ಕಂಡಿರಬಹುದಾದಷ್ಟು ಹಿರಿಯವು. ಅಲ್ಲಿಯೇ ಉಳಿದು ಮರಿಗಳನ್ನು ಕಳೆದುಕೊಂಡ ಹಿಂಡಿನಲ್ಲಿ ದಂತಚೋರರ ಹಾವಳಿಯಿಂದ ಅಂಥ ಅಜ್ಜಿಯರು ಉಳಿದಿರಲಿಲ್ಲ. ನಿನ್ನೆ ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವ ಅಜ್ಜಿಗೆ ಬರಗಾಲದಲ್ಲಿ ಎಲ್ಲಿಗೆ ಹೋಗಬೇಕೆಂಬುದು ತಿಳಿದಿರಬಹುದು. ನೆನಪಿನ ಬೆಲೆಯನ್ನು ಅದರ ಅಚ್ಚುಕಟ್ಟಿನಿಂದ ಅಳೆಯುವವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ.

ಮರೆಯುವ ಪ್ರತಿಜ್ಞೆ

ಕೊನೆಗೆ ಇನ್ನೊಂದು ಪದ. ಸರ್ಕಾರವು ಅಪರಾಧಿಗಳ ಗುಂಪಿಗೆ ಸಾಮೂಹಿಕವಾಗಿ ಕ್ಷಮೆ ನೀಡುವುದನ್ನು ‘ಆಮ್ನೆಸ್ಟಿ’ ಎನ್ನುತ್ತಾರೆ. ಗ್ರೀಕಿನಲ್ಲಿ ‘ಆಮ್ನೆಸ್ಟಿಯ’ ಎಂದರೆ ಮರೆವು. ಕ್ರಿಸ್ತಪೂರ್ವ ೪೦೩ರಲ್ಲಿ ಅಥೆನ್ಸಿನ ನಾಗರಿಕರು ರಕ್ತಪಾತದ ಅಂತಃಕಲಹವನ್ನು ಮುಗಿಸಿ, ಹಿಂದಿನ ಅಪಕಾರಗಳನ್ನು ಎತ್ತಿ ಆಡುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಅವರಿಗೆ ಏನೂ ಮರೆತಿರಲಿಲ್ಲ. ತಂದೆ ಮಕ್ಕಳನ್ನು ಕಳೆದುಕೊಂಡವರಿಗೆ ಮರೆಯುವುದಾದರೂ ಹೇಗೆ? ಆದರೂ ಅದನ್ನು ಆಯುಧವನ್ನಾಗಿ ಬಳಸಬಾರದೆಂದು ಒಪ್ಪಿಕೊಂಡರು.

ಅಣ್ಣತಮ್ಮಂದಿರ ನಡುವೆ, ಗಂಡಹೆಂಡಿರ ನಡುವೆ, ಅತ್ತೆಸೊಸೆಯರ ನಡುವೆ ‘ಅಂದು ನೀನು ಹೀಗೆಯೇ ಅಂದೆ, ನನಗೆ ಕಣ್ಣಿಗೆ ಕಟ್ಟಿದಂತಿದೆ’ ಎಂಬ ಮಾತಿನಿಂದ ಎಷ್ಟು ಬಾಗಿಲುಗಳು ಮುಚ್ಚಿಕೊಂಡಿಲ್ಲ! ಎದುರಿನವರ ಕಣ್ಣಿಗೂ ಬೇರೆಯೇ ಒಂದು ಚಿತ್ರ ಕಟ್ಟಿರುತ್ತದೆ, ಅವರೂ ಸುಳ್ಳುಗಾರರಲ್ಲ. ಇಬ್ಬರ ಪಂಜರದಲ್ಲಿಯೂ ಹಕ್ಕಿಗಳು ಹಾರಾಡುತ್ತಿವೆ. ಯಾರ ಕೈಗೆ ಯಾವುದು ಸಿಕ್ಕಿತೋ! ಮುಂದಿನ ಹಬ್ಬಕ್ಕೆ ಎಲ್ಲರೂ ಒಂದೆಡೆ ಸೇರಿ ಹಳೆಯ ಸಂಗತಿಗಳನ್ನು ಮೆಲುಕು ಹಾಕುವಾಗ, ಒಂದೇ ಘಟನೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳಿದರೆ ಜಗಳಕ್ಕೆ ನಿಲ್ಲದೆ ನಾಲ್ಕನ್ನೂ ಕೇಳಬಹುದು. ಚದರಿದ್ದನ್ನು ಮತ್ತೆ ಕೂಡಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ.